ಮಂಗನ ಕಾಯಿಲೆ: ಕೊಟ್ಟಿಗೆಯ ಉಣುಗಿನ ಮೇಲೂ ಕಣ್ಣಿರಲಿ



ಸಂಘದ ಸಾಲದಲ್ಲಿ ಹಸು, ಎಮ್ಮೆ ತಗೊಂಡವರು ನಮ್ಮಲ್ಲಿ ಬಹಳ ಮಂದಿ ಇದ್ದೀರಿ. ದನಕ್ಕೆ ಕಾಲುಬಾಯಿ ಜ್ವರ ಬಂದರೆ, ಕೆಚ್ಚಲು ಬಾತುಕೊಂಡರೆ ಅದೇ ದಿನ ಡಾಕ್ಟರಿಗೆ ಹೇಳಿ ಕಳಿಸುತ್ತೀರಿ. ಯಾಕೆಂದರೆ ಹಾಲು ಕಡಿಮೆಯಾದದ್ದು ಕಣ್ಣಿಗೆ ಕಾಣುತ್ತದೆ, ಸಾಲದ ಕಂತು ನೆನಪಾಗುತ್ತದೆ. ಆದರೆ ಇನ್ನೊಂದು ಬಗೆಯ ಕಾಯಿಲೆ ಇದೆ. ಅದರಲ್ಲಿ ದನಕ್ಕೆ ಏನೂ ಆಗುವುದಿಲ್ಲ. ಮೇವು ತಿನ್ನುತ್ತದೆ, ಹಾಲು ಕೊಡುತ್ತದೆ. ಜ್ವರ ಬಂದು ಮಲಗುವುದು ಮನೆಯ ಹೆಂಗಸು, ಇಲ್ಲವೇ ದನ ಮೇಯಿಸಲು ಹೋದವರು. ಅದೇ ಮಂಗನ ಕಾಯಿಲೆ.

ಈ ಹೆಸರಿನಿಂದಾಗಿ ನಾವು ತಪ್ಪೆಲ್ಲ ಮಂಗನದು ಅಂದುಕೊಂಡಿದ್ದೇವೆ. ನಿಜ ನೋಡಿದರೆ ಮಂಗ ನಮಗಿಂತ ಮೊದಲು ಸಾಯುವ ಪ್ರಾಣಿ. ರೋಗಾಣು ಒಬ್ಬರಿಂದ ಒಬ್ಬರಿಗೆ ಸಾಗುವುದು ಉಣುಗಿನ ಮೂಲಕ. ಕೆಲವು ಕಡೆ ಉಣ್ಣಿ, ಉಣ್ಣೆ ಎನ್ನುತ್ತಾರೆ. ಆ ಉಣುಗನ್ನು ಸಾಕಿ ಬೆಳೆಸುವುದರಲ್ಲಿ ನಮ್ಮ ದನಗಳದ್ದೂ ದೊಡ್ಡ ಪಾಲಿದೆ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಸುತ್ತಲಿನ ಹಳ್ಳಿಗಳಲ್ಲಿ ಜನರಿಗೆ ವಿಚಿತ್ರವಾದ ಜ್ವರ ಬಂತು. ಆ ವರ್ಷ 466 ಮಂದಿಗೆ ತಗಲಿತೆಂದು ದಾಖಲೆ ಇದೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದಾಗ ಮೊದಲು ಆಫ್ರಿಕಾದ ಹಳದಿ ಜ್ವರವೇ ಇರಬಹುದೆಂದು ಹೆದರಿದರು. ಪರೀಕ್ಷೆ ಮಾಡಿದ ಮೇಲೆ ಇದು ಬೇರೆಯೇ ಹೊಸ ವೈರಸ್ ಎಂದು ಗೊತ್ತಾಯಿತು. ಹಾಗಾಗಿ ಪ್ರಪಂಚದ ವೈದ್ಯಕೀಯ ಪುಸ್ತಕಗಳಲ್ಲೆಲ್ಲ ಈ ರೋಗಕ್ಕೆ ನಮ್ಮ ಕ್ಯಾಸನೂರಿನ ಹೆಸರೇ ಇದೆ. ಹೆಮ್ಮೆ ಪಡುವಂಥ ಹೆಸರೇನಲ್ಲ ಬಿಡಿ.

1983ರ ಸುಮಾರಿಗೆ ಬೆಳ್ತಂಗಡಿ ತಾಲೂಕಿನ ನಿಡ್ಲೆ ಕಡೆ ಗೇರು ತೋಟಕ್ಕಾಗಿ ಕಾಡು ಕಡಿದಾಗ ಅಲ್ಲಿ ಈ ರೋಗ ಜೋರಾಗಿ ಎದ್ದಿತು. 2012ರ ನಂತರ ಬಂಡೀಪುರ, ಕೇರಳದ ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ, ಹೀಗೆ ಘಟ್ಟದ ಉದ್ದಕ್ಕೂ ಹಬ್ಬಿದೆ. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲೂಕಿನ ಅರಳಗೋಡಿನಲ್ಲಿ ಆದ ಸಾವುಗಳನ್ನು ಮಲೆನಾಡಿನವರು ಮರೆತಿಲ್ಲ. 2024ರಲ್ಲೂ ಉತ್ತರ ಕನ್ನಡ, ಶಿವಮೊಗ್ಗ ಕಡೆ ಸಾವು ಸಂಭವಿಸಿದೆ.

ಉಣುಗಿನ ಒಂದು ವರ್ಷ

ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಸಭೆಯಲ್ಲಿ ಓದಲು ಬಾರದವರಿಗೂ ಹೇಳಿ. ಮಳೆಗಾಲದಲ್ಲಿ ಕಾಡಿನಲ್ಲಿ ದೊಡ್ಡ ಉಣುಗುಗಳಿರುತ್ತವೆ. ಅವಕ್ಕೆ ದೊಡ್ಡ ಪ್ರಾಣಿಯ ರಕ್ತ ಬೇಕು. ಕಾಡುಕೋಣ ಸಿಕ್ಕಿದರೆ ಕಾಡುಕೋಣ, ನಮ್ಮ ದನ ಮೇಯಲು ಹೋದರೆ ನಮ್ಮ ದನ. ರಕ್ತ ಕುಡಿದು ಕಡಲೆಯ ಹಾಗೆ ಉಬ್ಬಿದ ಹೆಣ್ಣು ಉಣುಗು ನೆಲಕ್ಕೆ ಉದುರಿ, ತರಗೆಲೆಯ ಅಡಿಯಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಮಳೆ ನಿಂತ ಮೇಲೆ ಮರಿ ಹೊರಬಂದು ಇಲಿ, ಹೆಗ್ಗಣ, ನೆಲದ ಮೇಲೆ ಓಡಾಡುವ ಹಕ್ಕಿ ಇಂಥವುಗಳ ರಕ್ತ ಕುಡಿದು ಬೆಳೆಯುತ್ತದೆ. ಡಿಸೆಂಬರ್ ಹೊತ್ತಿಗೆ ಸಾಸಿವೆ ಕಾಳಿನಷ್ಟಾಗುತ್ತದೆ. ಈ ಸಾಸಿವೆ ಗಾತ್ರದ್ದೇ ಮಂಗನಿಗೂ ಮನುಷ್ಯರಿಗೂ ಕಚ್ಚುವುದು. ಕಚ್ಚಿದರೂ ಅನೇಕರಿಗೆ ಗೊತ್ತಾಗುವುದೇ ಇಲ್ಲ.

ರೋಗ ಹೆಚ್ಚಾಗುವುದು ಡಿಸೆಂಬರಿನಿಂದ ಮೇ ತನಕ. ಆದರೆ ಅದಕ್ಕೆ ಬೀಜ ಬೀಳುವುದು ಹಿಂದಿನ ಮಳೆಗಾಲದಲ್ಲಿ, ದನದ ಮೈಮೇಲೆ. ಆದ್ದರಿಂದ ಜ್ವರ ಶುರುವಾದ ಮೇಲೆ ಗಾಬರಿಯಾಗಿ ದನದ ಮೈ ನೋಡಿದರೆ ಅರ್ಧ ಕೆಲಸ ಕೈತಪ್ಪಿದಂತೆ. ಜೂನ್, ಜುಲೈ, ಆಗಸ್ಟ್‌ನಲ್ಲೇ ಕಿವಿಯ ಒಳಗೆ, ಗಂಗೆದೊಗಲಿನ ಮಡಿಕೆ, ಕೆಚ್ಚಲಿನ ಸಂದು, ಬಾಲದ ಬುಡ ಇವನ್ನೆಲ್ಲ ನೋಡಬೇಕು. ಕೈಯಿಂದ ಕಿತ್ತು ಉಗುರಿನಲ್ಲಿ ಕುಕ್ಕುವ ಅಭ್ಯಾಸ ಬಿಡಬೇಕು.

ಪಶು ಆಸ್ಪತ್ರೆಯಲ್ಲಿ ಉಣುಗಿಗೆ ಇಂಜೆಕ್ಷನ್ ಇದೆ, ಬೆನ್ನಿನ ಮೇಲೆ ಸುರಿಯುವ ಔಷಧಿಯೂ ಇದೆ. ಹಾಲು ಕೊಡುವ ಹಸುವಾದರೆ ಮೊದಲೇ ಹೇಳಿ. ಐವರ್‌ಮೆಕ್ಟಿನ್‌ನಂಥ ಔಷಧಿ ಹಾಲಿನಲ್ಲಿ ಬರುತ್ತದೆ, ಹಾಗಾಗಿ ಎಷ್ಟು ದಿನ ಹಾಲನ್ನು ಡೈರಿಗೆ ಹಾಕಬಾರದು, ಮಕ್ಕಳಿಗೆ ಕೊಡಬಾರದು ಎಂದು ಡಾಕ್ಟರರನ್ನೇ ಕೇಳಬೇಕು. ಆ ಕೆಲವು ದಿನದ ಹಾಲಿನ ದುಡ್ಡು ಹೋಗುತ್ತದೆಂದು ಔಷಧಿಯನ್ನೇ ಬೇಡ ಅನ್ನುವವರಿದ್ದಾರೆ. ಬತ್ತಿಸಿದ ಹಸು, ಹೋರಿ, ಕಡಸುಗಳಿಗಾದರೂ ಮೊದಲು ಕೊಡಿಸಬಹುದಲ್ಲ? ಅಂಗಡಿಯಲ್ಲಿ ಸಿಗುವ ತೋಟದ ಕೀಟನಾಶಕವನ್ನು ಅಂದಾಜಿನಲ್ಲಿ ನೀರಿಗೆ ಬೆರೆಸಿ ಹಚ್ಚುವುದು ಮಾತ್ರ ಖಂಡಿತ ಬೇಡ. ದನ ನೆಕ್ಕಿಕೊಂಡರೆ ವಿಷವಾಗುತ್ತದೆ.

ದರಗಿನ ಹೊರೆ

ಕೊಟ್ಟಿಗೆಗೆ ಹಾಸಲು ಕಾಡಿನಿಂದ ದರಗು ತರುವುದು ಮಲೆನಾಡಿನಲ್ಲಿ ಹೆಂಗಸರದ್ದೇ ಕೆಲಸ. ತರುವ ಕಾಲವೂ ಜನವರಿ, ಫೆಬ್ರವರಿ. ಅಂದರೆ ಸಾಸಿವೆ ಗಾತ್ರದ ಉಣುಗು ಒಣ ಎಲೆಯಲ್ಲಿ ಕಾದು ಕೂತಿರುವ ಹೊತ್ತೇ. ಬರಿಗೈಯಲ್ಲಿ ಗುಡಿಸಿ, ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು ತಂದರೆ ಉಣುಗನ್ನು ನಾವೇ ಮನೆಯಂಗಳಕ್ಕೆ ತಂದಂತೆ. ಕಾಡಿನ ಮುಖ ನೋಡದ ಅಜ್ಜಿಗೆ ಜ್ವರ ಬಂದದ್ದು ಹೇಗೆ ಅಂತ ಕೇಳುವವರಿಗೆ ಇದೂ ಒಂದು ಉತ್ತರ.

ಗೊಬ್ಬರ ಬೇಡವೇ ಅಂತ ನೀವು ಕೇಳುವುದು ನ್ಯಾಯವೇ. ತೋಟಕ್ಕೆ ಗೊಬ್ಬರ ಬೇಕೇ ಬೇಕು. ಮಂಗ ಸತ್ತ ಸುದ್ದಿ ಇರುವ ಕಾಡಿನಿಂದ ಆ ವರ್ಷ ದರಗು ತರಲೇಬೇಡಿ. ಹಾಸಲು ಒಣಹುಲ್ಲು, ಭತ್ತದ ಹೊಟ್ಟು ಬಳಸಬಹುದು. ಕೊಟ್ಟಿಗೆಗೆ ರಬ್ಬರ್ ಚಾಪೆ ಹಾಕಿಸಲು ಸಂಘದಿಂದ ಸಣ್ಣ ಸಾಲ ಕೊಡಬಹುದೇ ಎಂದು ಚರ್ಚೆ ಮಾಡಿ. ಒಂದು ಹೆರಿಗೆ, ಒಂದು ಮದುವೆ ಅಂತ ಸಾಲ ಕೊಡುತ್ತೇವೆ, ಇದಕ್ಕೂ ಕೊಡಬಹುದು.

ಕಾಡಿಗೆ ಹೋಗಲೇಬೇಕಾದರೆ ತುಂಬು ತೋಳಿನ ಅಂಗಿ, ಕಾಲು ಪೂರ್ತಿ ಮುಚ್ಚುವ ಬಟ್ಟೆ ಹಾಕಿಕೊಳ್ಳಿ. ರೋಗ ಕಾಣಿಸಿಕೊಂಡ ಊರುಗಳಲ್ಲಿ ಆರೋಗ್ಯ ಇಲಾಖೆಯವರು ಡೆಪಾ ಎಣ್ಣೆ ಹಂಚುತ್ತಾರೆ. ಅದನ್ನು ಹೊರಡುವ ಮೊದಲು ಕೈಕಾಲಿಗೆ ಹಚ್ಚಬೇಕು. ಕಪಾಟಿನಲ್ಲಿ ಇಟ್ಟರೆ ಅದು ಕೆಲಸ ಮಾಡುವುದಿಲ್ಲ. ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಮೈಗೆ ಉಣುಗು ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆದು ತೆಗೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ.

ಜ್ವರ ಬಂದರೆ

ಉಣುಗು ಕಚ್ಚಿ 3ರಿಂದ 8 ದಿನದಲ್ಲಿ ಒಮ್ಮೆಲೇ ಚಳಿಜ್ವರ, ತಲೆ ಸಿಡಿಯುವಷ್ಟು ನೋವು, ಸೊಂಟ ಮತ್ತು ಮೀನಖಂಡದಲ್ಲಿ ಹೊಡೆದು ಹಾಕಿದಂಥ ನೋವು, ಕಣ್ಣು ಕೆಂಪು, ವಾಂತಿ. ಕೆಲವರಿಗೆ ಮೂಗಿನಲ್ಲಿ, ವಸಡಿನಲ್ಲಿ ರಕ್ತ. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರ ಆರಾಮಾಗಿದ್ದು ಮತ್ತೆ ಬರುತ್ತದೆ, ಆಗ ಮಿದುಳಿಗೆ ತಾಗುವುದುಂಟು. ಆದ್ದರಿಂದ ಜ್ವರ ಬಿಟ್ಟಿತೆಂದು ಮಾರನೇ ದಿನವೇ ಗದ್ದೆಗೆ ಇಳಿಯಬೇಡಿ. ಕಾಯಿಲೆ ಬಂದ 100 ಮಂದಿಯಲ್ಲಿ 3ರಿಂದ 5 ಮಂದಿ ಸಾಯುತ್ತಾರೆ. ಉಳಿದವರೂ ತಿಂಗಳುಗಟ್ಟಲೆ ಸುಸ್ತಾಗಿರುತ್ತಾರೆ.

ಇದಕ್ಕೆಂದೇ ಔಷಧಿ ಇಲ್ಲ. ಆದರೆ ಬೇಗ ಆಸ್ಪತ್ರೆ ಸೇರಿದರೆ ನೀರಿನಂಶ, ರಕ್ತಸ್ರಾವ ನೋಡಿಕೊಂಡು ಉಳಿಸುತ್ತಾರೆ. ಮೆಡಿಕಲ್ ಅಂಗಡಿಯಿಂದ ಆಸ್ಪಿರಿನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ತಂದು ನುಂಗಬಾರದು, ರಕ್ತಸ್ರಾವ ಹೆಚ್ಚುತ್ತದೆ. "ಕಾಡಿಗೆ ಹೋಗಿದ್ದೆ, ದರಗು ತಂದಿದ್ದೆ" ಎಂಬ ಮಾತನ್ನು ಡಾಕ್ಟರರಿಗೆ ನೀವಾಗಿಯೇ ಹೇಳಿ. ಈ ರೋಗ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಆದ್ದರಿಂದ ರೋಗಿಯನ್ನು ದೂರ ಇಡಬೇಕಾಗಿಲ್ಲ. ದನದ ಹಾಲಿನಿಂದ ಮನುಷ್ಯರಿಗೆ ಬಂದದ್ದಕ್ಕೂ ಪುರಾವೆ ಇಲ್ಲ.

ಮೊದಲು ಕೊಡುತ್ತಿದ್ದ ಲಸಿಕೆಯನ್ನು, ಅದರಿಂದ ಸಾಕಷ್ಟು ರಕ್ಷಣೆ ಸಿಗುತ್ತಿಲ್ಲವೆಂದು 2022ರಲ್ಲಿ ನಿಲ್ಲಿಸಿದ್ದಾರೆ. ಹಿಂದೆ ಹಾಕಿಸಿಕೊಂಡಿದ್ದೇನೆ, ನನಗೇನಾಗದು ಅಂತ ಯಾರೂ ಧೈರ್ಯ ಮಾಡಬೇಡಿ.

ಕೊನೆಯದಾಗಿ ಮಂಗನ ವಿಷಯ. ಕಪ್ಪು ಮೂತಿಯ ಮುಸಿಯವಾಗಲಿ, ಕೆಂಪು ಮೂತಿಯ ಕೋಡಗವಾಗಲಿ ಸತ್ತು ಬಿದ್ದರೆ ಅದರ ಮೈಯ ಉಣುಗುಗಳೆಲ್ಲ ಇಳಿದು ಅಲ್ಲೇ ಸುತ್ತ ಹರಡುತ್ತವೆ. ಹತ್ತಿರ ಹೋಗಿ ನೋಡುವುದು, ಮಕ್ಕಳು ಕೋಲಿನಿಂದ ತಿವಿಯುವುದು, ಪಾಪ ಎಂದು ನಾವೇ ಮಣ್ಣು ಮಾಡುವುದು ಯಾವುದೂ ಬೇಡ. ಅದೇ ದಿನ ಆಶಾ ಕಾರ್ಯಕರ್ತೆಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ಅರಣ್ಯ ಇಲಾಖೆಗೆ ತಿಳಿಸಿ. ಅವರು ಪರೀಕ್ಷೆಗೆ ಮಾದರಿ ತೆಗೆದು, ಸುತ್ತ 50 ಮೀಟರಿನಷ್ಟು ಜಾಗಕ್ಕೆ ಔಷಧಿ ಹೊಡೆಸುತ್ತಾರೆ. ದನಗಳನ್ನು ಆ ಕಡೆ ಮೇಯಲು ಬಿಡಬೇಡಿ. ಈ ಮೂವರ ಫೋನ್ ನಂಬರನ್ನು ಸಂಘದ ನಿರ್ಣಯ ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ, ಮುಂದಿನ ವಾರದ ಸಭೆಯಲ್ಲೇ ಆಗಲಿ.