ಸಾಲ, ಮಾನ ಮತ್ತು ಪ್ರಾಣ

ಅಥಣಿ ತಾಲೂಕಿನ ಸತ್ತಿ ಮೊದಲಾದ ಕೃಷ್ಣಾತೀರದ ಗ್ರಾಮಗಳನ್ನು ಕಂಡ ಹೊರಗಿನವರು, ಇಲ್ಲಿಯ ರೈತನಿಗೆ ಯಾವ ಕೊರತೆಯೆಂದು ಕೇಳಿಯಾರು. ಹೊಳೆಯ ನೀರಿದೆ, ಕಣ್ಣು ಹಾಯುವವರೆಗೆ ಕಬ್ಬಿದೆ, ಸುತ್ತಲೂ ಸಕ್ಕರೆಯ ಕಾರಖಾನೆಗಳಿವೆ. ಆದರೂ ಇದೇ ಬೆಳಗಾವಿ ಜಿಲ್ಲೆಯಲ್ಲಿ, 2013ರ ನವೆಂಬರದಲ್ಲಿ, ಸುವರ್ಣ ವಿಧಾನಸೌಧದೊಳಗೆ ವಿಧಾನಮಂಡಲವು ನೆರೆದಿರುವಾಗಲೇ, ಕಬ್ಬಿಗೆ ಯೋಗ್ಯ ಬೆಲೆಯನ್ನು ಬೇಡಲು ಬಂದ ರೈತರ ನಡುವಿನಿಂದ ಒಬ್ಬನು ಆತ್ಮಹತ್ಯೆ ಮಾಡಿಕೊಂಡನು. ನೀರುಂಟಾದ ನಾಡಿನಲ್ಲಿ ಇಂತಹ ಮರಣವೇಕೆ?

ಇದು ಆಯಾ ಮನುಷ್ಯನ ಮನೋದೌರ್ಬಲ್ಯವೆಂದು ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. 2002ರಲ್ಲಿ ವರದಿಯನ್ನೊಪ್ಪಿಸಿದ ಡಾ. ಜಿ. ಕೆ. ವೀರೇಶ್ ಸಮಿತಿಯೂ ಕುಡಿತ, ಗೃಹಕಲಹಗಳಿಗೆ ಹೆಚ್ಚಿನ ತೂಕವನ್ನು ಕೊಟ್ಟಿತು. ಆದರೆ ಬರಗಾಲದ ವರ್ಷವಾದ 2015ರಲ್ಲಿ ಕರ್ನಾಟಕದಲ್ಲಿ ಆತ್ಮಹತ್ಯೆ ಮಾಡಿಕೊಂಡ 1,197 ಮಂದಿ ರೈತರ ಪೈಕಿ 946 ಮಂದಿಗೆ ಸಾಲ ಮತ್ತು ದಿವಾಳಿತನವೇ ಕಾರಣವೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯು ಬರೆದಿದೆ. ಕುಡಿತವೂ ಕಲಹವೂ ಸುಳ್ಳಲ್ಲ. ಆದರೆ ಸಾಲ ಹೊಕ್ಕ ಮನೆಗೆ ಅವು ಬೆನ್ನ ಹಿಂದೆಯೇ ಬರುವ ನೆಂಟರಲ್ಲವೇ?

ಬಡತನವೊಂದೇ ಮನುಷ್ಯನನ್ನು ಈ ಅಂಚಿಗೆ ತಳ್ಳುವುದಿಲ್ಲ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ 1897ರಲ್ಲಿಯೇ ಇದನ್ನು ತೋರಿಸಿಕೊಟ್ಟನು. ಆರ್ಥಿಕ ಕುಸಿತದಲ್ಲಿ ಆತ್ಮಹತ್ಯೆಗಳು ಹೆಚ್ಚುವಂತೆಯೇ ಹಠಾತ್ತನೆ ಬಂದ ಏಳಿಗೆಯಲ್ಲಿಯೂ ಹೆಚ್ಚುವವು. ಬದುಕಿನ ಅಳತೆಗೋಲೇ ಮುರಿದಾಗ ಮನುಷ್ಯನು ನೆಲೆಗೆಡುವನು ಎಂಬುದು ಅವನ ಸಿದ್ಧಾಂತದ ಸಾರ. ನಮ್ಮ ಕಬ್ಬಿನ ಸೀಮೆಗೆ ಈ ಮಾತು ಚೆನ್ನಾಗಿ ಒಪ್ಪುತ್ತದೆ. ಜೋಳವನ್ನು ಬೆಳೆದವನಿಗೆ ಬೆಲೆ ಬಿದ್ದರೂ ಮನೆಯಲ್ಲಿ ರೊಟ್ಟಿಯಿತ್ತು. ಕಬ್ಬನ್ನು ಬೆಳೆದವನು ವರುಷವಿಡೀ ಸಾಲದಿಂದ ಬೀಜ, ಗೊಬ್ಬರ, ಕಟಾವುಗಳನ್ನು ಸಾಗಿಸಿ, ಕಾರಖಾನೆಯ ಹಣಕ್ಕಾಗಿ ಕಾಯಬೇಕು. ಆ ಹಣದ ಮೇಲೆಯೇ ಮಗಳ ಮದುವೆಯೂ ಮಗನ ವಿದ್ಯೆಯೂ ನಿಂತಿರುತ್ತವೆ.

ಕಬ್ಬು ಮುಟ್ಟಿದ 14 ದಿನಗಳೊಳಗೆ ಹಣ ಸಲ್ಲಬೇಕೆಂದೂ, ತಡವಾದರೆ ನೂರಕ್ಕೆ 15ರಂತೆ ವಾರ್ಷಿಕ ಬಡ್ಡಿ ಸಲ್ಲಬೇಕೆಂದೂ 1966ರ ಕಬ್ಬು ನಿಯಂತ್ರಣ ಆಜ್ಞೆಯು ವಿಧಿಸಿದೆ. ಆದರೂ ಬಾಕಿಗಾಗಿ ರೈತರು ಮತ್ತೆ ಮತ್ತೆ ಬೀದಿಗಿಳಿಯಬೇಕಾಯಿತು. ಅದರ ಮೇಲೆ 2019ರಲ್ಲಿ ಕೃಷ್ಣೆಯು ಉಕ್ಕಿ ನಿಂತ ಬೆಳೆಯನ್ನೇ ಮುಳುಗಿಸಿದಳು. ಬೆಳೆ ಹೋದರೂ ಸಾಲದ ಕಂತು ನಿಲ್ಲುವುದಿಲ್ಲ. ಬಡ್ಡಿಗೆ ಬಡ್ಡಿ ಏರಿ, ವಸೂಲಿಯವನು ನೆರೆಹೊರೆಯವರು ಕೇಳುವಂತೆ ಬಾಗಿಲಲ್ಲಿ ನಿಂತು ಕೂಗುವಾಗ, ರೈತನಿಗೆ ಹಸಿವಿಗಿಂತ ಅಪಮಾನವೇ ಹೆಚ್ಚು ಸುಡುತ್ತದೆ. ಇಂತಹ ಕಿರುಕುಳವನ್ನು ತಡೆಯಲು ರಾಜ್ಯ ಸರಕಾರವು 2025ರಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತೆಂಬುದು ರೋಗದ ಆಳಕ್ಕೆ ಸಾಕ್ಷಿ.

ರೈತನು ಸತ್ತ ಮೇಲೆ ಕುಟುಂಬಕ್ಕೆ 5 ಲಕ್ಷ ರೂಪಾಯಿ ಪರಿಹಾರವನ್ನು ಕೊಡುವ ಪದ್ಧತಿಯುಂಟು. ಅದು ಬೇಡವೆಂದು ನಾವು ಹೇಳೆವು. ಆದರೆ ಬದುಕಿರುವಾಗ ಸಲ್ಲಬೇಕಾದ ಬೆವರಿನ ಹಣವು ಹೊತ್ತಿಗೆ ಸಂದಿದ್ದರೆ ಎಷ್ಟು ಮನೆಗಳ ದೀಪ ಉಳಿಯುತ್ತಿತ್ತು! ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕುವ ಆಡಳಿತವು ನಮಗೆ ಬೇಡ. 14 ದಿನಗಳ ನಿಯಮವು ಕಾಗದದಿಂದ ಗದ್ದೆಗಿಳಿಯಲಿ. ನೆರೆ ಬರಗಳ ವರ್ಷದಲ್ಲಿ ವಸೂಲಿ ನಿಲ್ಲಲಿ.

ಊರಿನವರಿಗೂ ಹೊಣೆಯಿದೆ. ಮಾನವೇ ಪ್ರಾಣಕ್ಕಿಂತ ದೊಡ್ಡದೆಂಬ ಮಾತನ್ನು ಸಾಲದ ಲೆಕ್ಕಕ್ಕೆ ತರುವುದು ತಪ್ಪು, ಸಾಲವು ಅಪರಾಧವಲ್ಲ. ಜೊತೆಗಾರನು ಮಾತು ಬಿಟ್ಟು ಮೂಲೆ ಹಿಡಿದರೆ ಅವನ ಬಳಿಗೆ ಹೋಗಿ ಕುಳಿತುಕೊಳ್ಳಿರಿ, ಕಷ್ಟವನ್ನು ಕೇಳಿರಿ, ಒಬ್ಬನನ್ನೇ ಬಿಡಬೇಡಿರಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳು ತೆರೆದಿದೆ. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಹೋದ ಬೆಳೆಯು ಮುಂದಿನ ವರುಷ ಬಂದೀತು. ಹೋದ ಜೀವವು ಬಾರದು. ನೇಗಿಲ ಹಿಡಿದ ಕೈಯನ್ನು ಉಳಿಸಿಕೊಳ್ಳುವುದೇ ನಾಡನ್ನು ಉಳಿಸಿಕೊಳ್ಳುವ ಮೊದಲ ಕೆಲಸ.