ಎರಡು ಬೆಂಕಿ ದಾಟಿ ಬಂದ ಮುಖ

ನಿನ್ನ ವಯಸ್ಸೆಷ್ಟು ಎಂದು ಕೇಳುತ್ತಾರೆ ನ್ಯಾಯಾಧೀಶರು. ಅವಳು ಥಟ್ಟನೆ ಉತ್ತರಿಸುವುದಿಲ್ಲ. ಬೆರಳುಗಳ ಮೇಲೆ ಎಣಿಸಿಕೊಳ್ಳುತ್ತಾಳೆ. ಹತ್ತೊಂಬತ್ತಿರಬೇಕು ಅನ್ನುತ್ತಾಳೆ. ಸೈನ್ಯವನ್ನು ಮುನ್ನಡೆಸಿದವಳು, ಓರ್ಲಿಯನ್ಸ್ ಮುತ್ತಿಗೆಯನ್ನು ಮುರಿದವಳು, ರಾಜನ ಪಟ್ಟಾಭಿಷೇಕಕ್ಕೆ ದಾರಿ ಮಾಡಿಕೊಟ್ಟವಳು, ಈಗ ಹಿರಿಯ ಪಾದ್ರಿಗಳ ನಡುವೆ ಒಬ್ಬಂಟಿಯಾಗಿ ಕೂತು ಬೆರಳೆಣಿಸುತ್ತಿದ್ದಾಳೆ! ಆಮೇಲೆ ಇನ್ನೊಂದು ಪ್ರಶ್ನೆ: ಪ್ರಾರ್ಥನೆ ಯಾರು ಕಲಿಸಿದರು? ಅಮ್ಮ. ಅಷ್ಟೇ ಮಾತು. ಆ ಮಾತಿಗೆ ಅವಳ ಕಣ್ಣು ತುಂಬುವ ಬಗೆಯನ್ನು ನೋಡಬೇಕು. ಬಿಕ್ಕುವುದಿಲ್ಲ, ಮುಖ ಕಿವುಚುವುದಿಲ್ಲ. ನೀರು ತಾನಾಗಿ ಏರಿ ಬರುತ್ತದೆ, ರೆಪ್ಪೆಯಂಚು ತಲುಪುತ್ತದೆ, ಕೆನ್ನೆಗಿಳಿಯುತ್ತದೆ. ಪರದೆಯ ತುಂಬ ಅದೊಂದೇ. ಮೈ ಜುಮ್ಮೆನ್ನದೆ ಇದನ್ನು ನೋಡಲು ನನಗೆ ಇವತ್ತಿಗೂ ಆಗಿಲ್ಲ.

ಚಿತ್ರ 1928ರ ಫ್ರೆಂಚ್ ಮೂಕಿ 'ದ ಪ್ಯಾಶನ್ ಆಫ್ ಜೋನ್ ಆಫ್ ಆರ್ಕ್'. ನಿರ್ದೇಶಕ ಡೆನ್ಮಾರ್ಕಿನ ಕಾರ್ಲ್ ಥಿಯೋಡೋರ್ ಡ್ರೇಯರ್. ನಟಿ ರೆನೆ ಫಾಲ್ಕೊನೆಟ್ಟಿ. ಸಿನಿಮಾದಲ್ಲಿ ದಾಖಲಾದ ಅತ್ಯುತ್ತಮ ಅಭಿನಯ ಬಹುಶಃ ಇದೇ ಎಂದು ಅಮೆರಿಕದ ವಿಮರ್ಶಕಿ ಪಾಲಿನ್ ಕೇಲ್ ಬರೆದಿದ್ದರು. ಯಾರನ್ನೂ ಸುಲಭಕ್ಕೆ ಹೊಗಳುವ ಜಾಯಮಾನ ಆಕೆಯದಲ್ಲ. ನಾನಾದರೋ ಆ 'ಬಹುಶಃ'ವನ್ನು ತೆಗೆದುಹಾಕುತ್ತೇನೆ. ಯಾಕೆ ಎಂಬುದಕ್ಕೆ ಈ ಚಿತ್ರ ಸುಟ್ಟುಹೋದ, ಮತ್ತೆ ಸಿಕ್ಕಿದ ಕಥೆಯೇ ಸಾಕ್ಷಿ. ಆ ಕಥೆಗೆ ಬರುತ್ತೇನೆ. ಮೊದಲು ಆ ಮುಖ.

ನಮ್ಮ ನಾಟ್ಯಶಾಸ್ತ್ರ ಅಭಿನಯವನ್ನು ನಾಲ್ಕಾಗಿ ಹೇಳುತ್ತದೆ: ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ. ಇವನ್ನಿಟ್ಟುಕೊಂಡು ಈ ಚಿತ್ರ ನೋಡಿ, ಬೆಚ್ಚಿಬೀಳುತ್ತೀರಿ. ಮೂಕಿ ಚಿತ್ರವಾದ್ದರಿಂದ ವಾಚಿಕ ಹೋಯಿತು. ಬಣ್ಣವಿಲ್ಲ, ಒಡವೆಯಿಲ್ಲ, ಗಂಡಸರ ಒರಟು ಅಂಗಿಯೊಂದೇ, ಕೊನೆಗೆ ತಲೆಗೂದಲೂ ಇಲ್ಲ, ಆಹಾರ್ಯ ಹೋಯಿತು. ಕ್ಯಾಮೆರಾ ಮುಖಕ್ಕೆ ಅಂಟಿಕೊಂಡೇ ಇರುವುದರಿಂದ ಕೈಕಾಲುಗಳ ಆಂಗಿಕವೂ ಮುಕ್ಕಾಲುಪಾಲು ಹೋಯಿತು. ಉಳಿದದ್ದು ಸಾತ್ತ್ವಿಕ ಮಾತ್ರ. ಸ್ತಂಭ, ಕಂಪನ, ಬಣ್ಣಗೆಡುವುದು, ಕಣ್ಣೀರು: ಒಳಗಿನ ಕಲಕು ತಾನಾಗಿ ಮೈಮೇಲೆ ಮೂಡುವ ಆ ಗುರುತುಗಳು. ಒಬ್ಬ ನಟಿಯ ಕೈಯಿಂದ ಎಲ್ಲ ಆಯುಧಗಳನ್ನೂ ಕಿತ್ತುಕೊಂಡು, ಅತ್ಯಂತ ಕಷ್ಟದ ಒಂದನ್ನು ಮಾತ್ರ ಬಿಟ್ಟು, ಹೋಗು ಗೆದ್ದು ಬಾ ಎಂದ ಹಾಗೆ! ಅವಳು ಗೆದ್ದಳು.

ಡ್ರೇಯರ್‌ನ ಬಳಿ ಕಥೆಗಿದ್ದ ಆಧಾರವೂ ಹೀಗೆಯೇ ಅಲಂಕಾರವಿಲ್ಲದ್ದು. 1431ರಲ್ಲಿ ಫ್ರಾನ್ಸಿನ ರೂವಾನ್ ಪಟ್ಟಣದಲ್ಲಿ ನಡೆದ ಜೋನ್‌ಳ ವಿಚಾರಣೆಯ ದಾಖಲೆ ಇವತ್ತಿಗೂ ಉಳಿದಿದೆ. ಏನು ಕೇಳಿದರು, ಅವಳು ಏನು ಹೇಳಿದಳು ಎಂಬುದನ್ನು ಗುಮಾಸ್ತರು ಬರೆದಿಟ್ಟಿದ್ದಾರೆ. ನೀನು ದೇವರ ಕೃಪೆಯಲ್ಲಿದ್ದೀಯಾ ಎಂದು ಅಲ್ಲಿ ಬಲೆ ಬೀಸುತ್ತಾರೆ. ಹೌದೆಂದರೆ ಅಹಂಕಾರ, ಇಲ್ಲವೆಂದರೆ ತಪ್ಪೊಪ್ಪಿಗೆ. ಇಲ್ಲದಿದ್ದರೆ ದೇವರು ಕೊಡಲಿ, ಇದ್ದರೆ ಅದರಲ್ಲೇ ಇರಿಸಲಿ ಎಂಬ ಅರ್ಥದ ಉತ್ತರ ಕೊಡುತ್ತಾಳೆ ಆ ಹಳ್ಳಿ ಹುಡುಗಿ. ಈ ದಾಖಲೆಗಳನ್ನು ಸಂಪಾದಿಸಿದ್ದ ಇತಿಹಾಸಕಾರ ಪಿಯರ್ ಶಾಂಪಿಯೋ ಚಿತ್ರಕ್ಕೆ ಸಲಹೆಗಾರರಾಗಿದ್ದರು. ತಿಂಗಳುಗಟ್ಟಲೆ ನಡೆದ ವಿಚಾರಣೆಯನ್ನು ಡ್ರೇಯರ್ ಒಂದೇ ದಿನದ ಉಸಿರಿಗೆ ಕಟ್ಟಿದ.

ಛಾಯಾಗ್ರಾಹಕ ರುಡಾಲ್ಫ್ ಮಾತೆ. ಆ ಕಾಲದ ಹಳೆಯ ಫಿಲ್ಮಿಗೆ ಕೆಂಪು ಬಣ್ಣ ಕಾಣುತ್ತಿರಲಿಲ್ಲ. ಹಾಗಾಗಿ ಚರ್ಮ ಕಪ್ಪಾಗಿ, ಕಲೆಕಲೆಯಾಗಿ ಮೂಡುತ್ತಿತ್ತು. ಅದನ್ನು ಮುಚ್ಚಲು ನಟರು ದಪ್ಪಗೆ ಬಣ್ಣ ಮೆತ್ತಿಕೊಳ್ಳಬೇಕಿತ್ತು. ಆಗ ಬಂತು ಪ್ಯಾಂಕ್ರೊಮ್ಯಾಟಿಕ್ ಫಿಲ್ಮ್. ಎಲ್ಲ ಬಣ್ಣಗಳನ್ನೂ ಗ್ರಹಿಸುವ ಈ ಫಿಲ್ಮನ್ನು ಹಿಡಿದು, ಮೇಕಪ್ಪೇ ಬೇಡ ಎಂದುಬಿಟ್ಟ ಡ್ರೇಯರ್. ನ್ಯಾಯಾಧೀಶರ ಗಂಟು, ನರೂಲಿ, ಬಾಯಿಂದ ಸಿಡಿಯುವ ಎಂಜಲು ಎಲ್ಲವೂ ಕಂಡವು. ಫಾಲ್ಕೊನೆಟ್ಟಿಯ ಒಡೆದ ತುಟಿ ಕಂಡಿತು. ಕೆಳಗಿನಿಂದ ಚಿತ್ರಿಸಲು ಡ್ರೇಯರ್ ಸೆಟ್‌ನ ನೆಲದಲ್ಲಿ ಗುಂಡಿ ತೋಡಿಸುತ್ತಲೇ ಇದ್ದನಂತೆ. ಕೆಲಸಗಾರರು ಅವನಿಗೆ ತೂತುಗಳಿಗೆ ಹೆಸರಾದ ಗ್ರುಯೇರ್ ಚೀಸ್‌ನ ಹೆಸರನ್ನೇ ಇಟ್ಟರು. ಸಿಮೆಂಟಿನಲ್ಲಿ ಇಡೀ ಕೋಟೆಯನ್ನೇ ಕಟ್ಟಿಸಿದ್ದ ಚಿತ್ರವಿದು, ವೆಚ್ಚ 70 ಲಕ್ಷ ಫ್ರಾಂಕ್. ಅಷ್ಟು ಖರ್ಚು ಮಾಡಿದ ಕೋಟೆ ಪರದೆಯ ಮೇಲೆ ಪೂರ್ತಿಯಾಗಿ ಕಾಣುವುದೇ ಇಲ್ಲ! ಹಿಂದೆ ಒಂದಿಷ್ಟು ಬಿಳಿ ಗೋಡೆ, ಮುಂದೆ ಮುಖ. ದುಡ್ಡು ಹಾಕಿದವರ ಗತಿ ಏನಾಗಿರಬೇಕು.

ಈ ಹೆಂಗಸು ಎಲ್ಲಿಂದ ಬಂದಳು? ಇಲ್ಲಿಂದ ಆಶ್ಚರ್ಯ ಇನ್ನೂ ಹೆಚ್ಚುತ್ತದೆ. ಫಾಲ್ಕೊನೆಟ್ಟಿ ಹುಟ್ಟಿದ್ದು 1892ರಲ್ಲಿ, ಪ್ಯಾರಿಸ್ ಪಕ್ಕದ ಪಾಂತಾದಲ್ಲಿ. 1927ರಲ್ಲಿ ಶೂಟಿಂಗ್ ನಡೆಯುವಾಗ ವಯಸ್ಸು ಮೂವತ್ತೈದರ ಆಸುಪಾಸು. ಬೆರಳೆಣಿಸಿ ಹತ್ತೊಂಬತ್ತು ಅಂದವಳು ಇವಳೇ! ರಂಗಭೂಮಿಯ ನಟಿ, ಅದರಲ್ಲೂ ಲಘು ನಾಟಕಗಳಲ್ಲಿ ಹೆಸರು ಮಾಡಿದವಳು. ಡ್ರೇಯರ್ ಅವಳನ್ನು ಮೊದಲು ಕಂಡದ್ದು ಅಂಥದ್ದೊಂದು ಲಘು ನಾಟಕದಲ್ಲೇ. ಬಣ್ಣ ಹಚ್ಚಿಕೊಂಡು, ಫ್ಯಾಷನ್ನಿನ ಉಡುಗೆಯಲ್ಲಿ ನಗಿಸುತ್ತಿದ್ದವಳ ಹಿಂದೆ ಅವನಿಗೆ ಇನ್ನೊಬ್ಬಳು ಕಂಡಳು. ಮೇಕಪ್ ಇಲ್ಲದೆ ಪರೀಕ್ಷೆ ತೆಗೆದ. ಮುಗಿಯಿತು, ಬೇರೆ ಯಾರನ್ನೂ ಹುಡುಕಲಿಲ್ಲ.

ಡ್ರೇಯರ್ ಅವಳನ್ನು ಕಲ್ಲಿನ ಮೇಲೆ ಮಂಡಿಯೂರಿಸಿ, ಹಿಂಸಿಸಿ ಈ ನೋವನ್ನು ಹಿಂಡಿ ತೆಗೆದ ಎಂಬ ಕಥೆಗಳು ಬಹಳ ಕಾಲದಿಂದ ಓಡಾಡುತ್ತಿವೆ. ನನಗೆ ಇವು ಹಿಡಿಸುವುದಿಲ್ಲ, ಯಾಕೆಂದರೆ ಅವು ಒಬ್ಬ ಕಲಾವಿದೆಯನ್ನು ಬಲಿಪಶುವನ್ನಾಗಿ ಮಾಡಿಬಿಡುತ್ತವೆ. ಡ್ರೇಯರ್ ಮುಂದೆ ಹೇಳಿಕೊಂಡ ಕೆಲಸದ ಬಗೆ ಬೇರೆಯೇ ಇದೆ. ಸೆಟ್‌ನಲ್ಲಿ ನಿಶ್ಶಬ್ದ. ಕಥೆ ನಡೆದ ಕ್ರಮದಲ್ಲೇ ಚಿತ್ರೀಕರಣ. ಆಮೇಲೆ ಇಬ್ಬರೂ ಕೂತು ತೆಗೆದ ತುಣುಕುಗಳನ್ನು ನೋಡುವುದು. ಉದ್ದದ ಟೇಕ್‌ನಲ್ಲಿ ಎಲ್ಲೋ ಒಂದು ಕ್ಷಣ, ಚಿಕ್ಕದೊಂದು ಹೊಳಪು ಸರಿಯಾಗಿದೆ ಅನ್ನಿಸಿದರೆ ಅದನ್ನೇ ಹಿಡಿದು ಮತ್ತೆ ಶುರು. ಅಂದರೆ ಅವಳು ತನ್ನ ಮುಖವನ್ನು ತಾನೇ ಓದಿದಳು, ಆರಿಸಿದಳು, ತಿದ್ದಿದಳು! ಹಿಂಸೆಯಿಂದ ಬರುವುದು ಕಿರುಚಾಟ. ಇಲ್ಲಿರುವುದು ವಿದ್ಯೆ.

ಕೂದಲು ಕತ್ತರಿಸುವ ದೃಶ್ಯವನ್ನೇ ತೆಗೆದುಕೊಳ್ಳಿ. ಜೀವಂತ ಸುಡುವ ಬೆಂಕಿಗೆ ಹೆದರಿ ಜೋನ್ ತಪ್ಪೊಪ್ಪಿಗೆಗೆ ಸಹಿ ಹಾಕಿದ್ದಾಳೆ. ಜೀವ ಉಳಿಯಿತು, ಬದಲಿಗೆ ಜೀವಾವಧಿ ಸೆರೆ. ಕತ್ತರಿ ನಿಜವಾಗಿಯೂ ಅವಳ ತಲೆಯ ಮೇಲೆ ಓಡುತ್ತದೆ, ಕೂದಲು ನಿಜವಾಗಿಯೂ ಉದುರುತ್ತದೆ.  ಕಣ್ಣೀರು ಇಳಿಯುತ್ತದೆ. ಕೆಲಸದವ ನೆಲದ ಕೂದಲನ್ನು ಗುಡಿಸುತ್ತಾನೆ, ಅದರ ಜೊತೆಗೇ ಸೈನಿಕರು ಹಿಂದೆ ಅಣಕಿಸಲೆಂದು ಅವಳ ತಲೆಗಿಟ್ಟಿದ್ದ ಹುಲ್ಲಿನ ಕಿರೀಟವೂ ಕಸದ ರಾಶಿಗೆ ಹೋಗುತ್ತದೆ. ಅವಳು ಅದನ್ನು ನೋಡುತ್ತಾಳೆ. ಅಲ್ಲಿ, ಆ ನೋಟದೊಳಗೆ, ಒಬ್ಬಳು ಸಾಯಲು ತೀರ್ಮಾನ ಮಾಡುವುದು ಕಾಣುತ್ತದೆ. ಕೇಳಿಸಿಕೊಳ್ಳುವುದಲ್ಲ, ಊಹಿಸುವುದಲ್ಲ, ಕಾಣುತ್ತದೆ! ಮೊದಲು ಅರ್ಥವಾಗದ ಖಾಲಿತನ, ಆಮೇಲೆ ನಾಚಿಕೆ, ಆಮೇಲೆ ಭಯ, ಭಯದ ಅಡಿಯಿಂದ ಮೇಲೇಳುವ ಒಂದು ಗಟ್ಟಿತನ. ನ್ಯಾಯಾಧೀಶರನ್ನು ಕರೆಯಿರಿ, ನಾನು ಸುಳ್ಳು ಹೇಳಿದೆ ಅನ್ನುತ್ತಾಳೆ. ಇಷ್ಟೂ ಕೆಲವೇ ಸೆಕೆಂಡುಗಳ ಮಾತು.

ಈಗ ಬೆಂಕಿಯ ಕಥೆ. 1928ರ ಏಪ್ರಿಲ್‌ನಲ್ಲಿ ಕೋಪನ್‌ಹೇಗನ್‌ನಲ್ಲಿ ಚಿತ್ರ ಮೊದಲು ತೆರೆಕಂಡಿತು. ಫ್ರಾನ್ಸಿನಲ್ಲಿ ಚರ್ಚು, ಸೆನ್ಸಾರು ಸೇರಿ ಕತ್ತರಿ ಆಡಿಸಿದವು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬರ್ಲಿನ್‌ನ ಊಫಾ ಸ್ಟುಡಿಯೋದಲ್ಲಿ ಬೆಂಕಿ ಬಿದ್ದು ಮೂಲ ನೆಗೆಟಿವ್ ಭಸ್ಮವಾಯಿತು. ಡ್ರೇಯರ್ ಎದೆಗುಂದಲಿಲ್ಲ. ತಾನು ಬೇಡವೆಂದು ಪಕ್ಕಕ್ಕಿಟ್ಟಿದ್ದ ಟೇಕ್‌ಗಳನ್ನು ಒಟ್ಟುಗೂಡಿಸಿ, ನೆನಪಿನಿಂದ, ಇಡೀ ಚಿತ್ರವನ್ನು ಮತ್ತೊಮ್ಮೆ ಜೋಡಿಸಿದ. 1929ರಲ್ಲಿ ಇನ್ನೊಂದು ಬೆಂಕಿ. ಆ ಎರಡನೆಯ ನೆಗೆಟಿವ್ ಕೂಡ ಹೋಯಿತೆಂದೇ ಎಲ್ಲರೂ ತಿಳಿದರು. ಬೆಂಕಿಯಲ್ಲಿ ಬೆಂದವಳ ಚಿತ್ರ, ಎರಡೆರಡು ಸಲ ಬೆಂಕಿಗೆ! 1951ರಲ್ಲಿ ಲೋ ದೂಕಾ ಎಂಬಾತನಿಗೆ ಆ ಎರಡನೆಯ ರೂಪದ ಪ್ರತಿಯೊಂದು ಗೋಮೊಂ ಕಂಪನಿಯ ಉಗ್ರಾಣದಲ್ಲಿ ಸಿಕ್ಕಿತು. ಅದಕ್ಕೆ ಸಂಗೀತ ಸೇರಿಸಿ ಹೊರತಂದ. ಡ್ರೇಯರ್‌ಗೆ ಅದು ಒಪ್ಪಿಗೆಯಾಗಲಿಲ್ಲ.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ದಶಕಗಳ ಕಾಲ ಜಗತ್ತಿನ ಹೆಚ್ಚಿನ ಜನ ನೋಡಿ ಅತ್ತದ್ದು, ಅತ್ಯುತ್ತಮ ಅಭಿನಯವೆಂದು ಬರೆದದ್ದು, ಒಂದೋ ಕತ್ತರಿಸಿದ ಪ್ರತಿಗಳನ್ನು ನೋಡಿ, ಇಲ್ಲವೇ ನಿರ್ದೇಶಕ ಬೇಡವೆಂದು ತೆಗೆದಿಟ್ಟಿದ್ದ ಟೇಕ್‌ಗಳನ್ನು ನೋಡಿ! ಅವಳ ಎಂಜಲೆಲೆಯೇ ಉಳಿದವರ ಹಬ್ಬದೂಟ. ಈ ಅಭಿನಯ ಆಕಸ್ಮಿಕವಾಗಿ ಸಿಕ್ಕ ಒಂದು ಕ್ಷಣವಾಗಿದ್ದರೆ ಮೊದಲ ನೆಗೆಟಿವ್ ಜೊತೆಗೇ ಸುಟ್ಟುಹೋಗಬೇಕಿತ್ತು. ಹೋಗಲಿಲ್ಲ. ಯಾಕೆಂದರೆ ಅವಳು ಅದನ್ನು ಪ್ರತಿ ಟೇಕ್‌ನಲ್ಲೂ ಮಾಡಿದ್ದಳು. ಸಿನಿಮಾದ ಚರಿತ್ರೆಯಲ್ಲಿ ಬೇರೆ ಯಾವ ನಟನ, ಯಾವ ನಟಿಯ ಕೆಲಸಕ್ಕೆ ಇಂಥ ಅಗ್ನಿಪರೀಕ್ಷೆ ನಡೆದಿದೆ ಹೇಳಿ!

ಡ್ರೇಯರ್ 1968ರಲ್ಲಿ ತೀರಿಕೊಂಡ. ತನ್ನ ಮೂಲಚಿತ್ರ ಶಾಶ್ವತವಾಗಿ ಹೋಯಿತು ಎಂದೇ ತಿಳಿದು ಹೋದ. 1981ರಲ್ಲಿ ನಾರ್ವೆಯಲ್ಲಿ, ಓಸ್ಲೋ ಬಳಿಯ ಡಿಕೆಮಾರ್ಕ್ ಮಾನಸಿಕ ಆಸ್ಪತ್ರೆಯ ಸಿಬ್ಬಂದಿಯೊಬ್ಬರು ಕಪಾಟು ಸ್ವಚ್ಛ ಮಾಡುತ್ತಿದ್ದರು. ಫಿಲ್ಮ್ ಡಬ್ಬಿಗಳು ಸಿಕ್ಕವು. ನಾರ್ವೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ಗೆ ಕಳಿಸಿದರು. ಅಲ್ಲೂ ಮೂರು ವರ್ಷ ಹಾಗೇ ಬಿದ್ದಿದ್ದವು! ತೆರೆದು ನೋಡಿದಾಗ, ಅಬ್ಬಾ, ಡ್ಯಾನಿಶ್ ಶೀರ್ಷಿಕೆಗಳಿದ್ದ, ಸೆನ್ಸಾರ್ ಕತ್ತರಿ ತಾಗುವ ಮುಂಚಿನ, ಡ್ರೇಯರ್ ತಾನೇ ಮೊದಲು ಜೋಡಿಸಿದ್ದ ರೂಪ! ಹತ್ತಿಕೊಂಡರೆ ಧಗಧಗ ಉರಿಯುವ ನೈಟ್ರೇಟ್ ಫಿಲ್ಮ್, ಅರ್ಧ ಶತಮಾನ ಆಸ್ಪತ್ರೆಯ ಕಪಾಟಿನಲ್ಲಿ ತಣ್ಣಗೆ ಕೂತಿತ್ತು. ಅಲ್ಲಿಗೆ ಹೇಗೆ ಬಂತು ಎಂಬುದಕ್ಕೆ ದಾಖಲೆಯಿಲ್ಲ. ಆಸ್ಪತ್ರೆಯ ನಿರ್ದೇಶಕರು ಚಿತ್ರವನ್ನು ತೋರಿಸಲೆಂದು ತರಿಸಿಕೊಂಡಿರಬಹುದು ಎಂಬ ಊಹೆಯಿದೆ. ಹುಚ್ಚಿಯೋ ಸಂತಳೋ ಎಂದು ಜನ ಇವತ್ತಿಗೂ ವಾದಿಸುವ ಹುಡುಗಿಯ ಚಿತ್ರ ಸಿಕ್ಕಿದ್ದು ಮಾನಸಿಕ ಆಸ್ಪತ್ರೆಯಲ್ಲಿ! ಕಾದಂಬರಿಯಲ್ಲಿ ಬರೆದರೆ ಅತಿಯಾಯಿತು ಅನ್ನುತ್ತಿದ್ದೆವು.

ಫಾಲ್ಕೊನೆಟ್ಟಿ ಇದನ್ನು ಬಿಟ್ಟು ಮುಂದೆ ಸಿನಿಮಾ ಮಾಡಲಿಲ್ಲ. ರಂಗಭೂಮಿಗೆ ಮರಳಿದಳು. 1946ರಲ್ಲಿ ದೂರದ ಬ್ಯೂನಸ್ ಐರಿಸ್‌ನಲ್ಲಿ ಸತ್ತಳು. ನಿರ್ದೇಶಕ ಗೊದಾರ್ 1962ರ 'ವಿವ್ರ್ ಸಾ ವೀ' ಚಿತ್ರದಲ್ಲಿ ನಟಿ ಆನಾ ಕರೀನಾಳನ್ನು ಕತ್ತಲ ಥಿಯೇಟರಿನಲ್ಲಿ ಕೂರಿಸಿ ಫಾಲ್ಕೊನೆಟ್ಟಿಯ ಮುಖ ತೋರಿಸಿದ. ಪರದೆಯಲ್ಲಿ ಜೋನ್ ಎದುರು ಪಾದ್ರಿಯ ಪಾತ್ರದಲ್ಲಿರುವ ಆಂತೊನಿನ್ ಆರ್ತೋ, ಮರಣ ಹತ್ತಿರ ಬಂತೆಂದು ಹೇಳುತ್ತಾನೆ. ಪರದೆಯ ಮೇಲೆ ಒಬ್ಬಳು ಅಳುತ್ತಾಳೆ, ಕುರ್ಚಿಯಲ್ಲಿ ಇನ್ನೊಬ್ಬಳು. ಕಣ್ಣೀರು ಒಂದು ಚಿತ್ರದಿಂದ ಇನ್ನೊಂದಕ್ಕೆ ದಾಟಿತು!

ಓಸ್ಲೋ ಪ್ರತಿಯಿಂದ ಸಿದ್ಧಪಡಿಸಿದ ಆವೃತ್ತಿ ಇಂದು ಮನೆಯಲ್ಲೇ ನೋಡಲು ಸಿಗುತ್ತದೆ. ಬೇರೆ ಬೇರೆ ಸಂಗೀತ ಸೇರಿಸಿದ ರೂಪಗಳಿವೆ. ಚಿತ್ರಕ್ಕೆ ಇಂಥದ್ದೇ ಸಂಗೀತವೆಂದು ಡ್ರೇಯರ್ ನಿಗದಿ ಮಾಡಿರಲಿಲ್ಲ. ಮೊದಲ ಸಲ ಶಬ್ದ ಬಂದ್ ಮಾಡಿ ನೋಡಿ, ಫೋನ್ ದೂರವಿಡಿ. ಕಂಬಕ್ಕೆ ಕಟ್ಟುವಾಗ ಕಟುಕನ ಕೈಯಿಂದ ಹಗ್ಗ ಜಾರಿ ಬೀಳುತ್ತದೆ, ಜೋನ್ ತಾನೇ ಬಾಗಿ ಎತ್ತಿಕೊಡುತ್ತಾಳೆ. ಅಲ್ಲಿ ಕಣ್ಣು ಮಿಟುಕಿಸಬೇಡಿ. ಆಮೇಲೆ, ಮನಸ್ಸು ಗಟ್ಟಿಯಿದ್ದರೆ, ಲೋ ದೂಕಾನ ರೂಪವನ್ನೂ ಹುಡುಕಿ ನೋಡಿ. ಒಂದೇ ನಟಿ, ಒಂದೇ ದೃಶ್ಯ, ಬೇರೆ ಟೇಕ್. ಯಾವುದು ಮೇಲು ಎಂದು ನೀವೇ ಹೇಳಿ, ನನ್ನಿಂದ ಇನ್ನೂ ಆಗಿಲ್ಲ.