ಹಳೆಯ ಪಿಕ್‌ಅಪ್: ಇಂಜಿನು ಮೂಲದ್ದೋ, ಬದಲಿಯದೋ?

ಹಳೆಯ ಮೋಟಾರನ್ನು ಮಾರುವವನು ‘ಎಲ್ಲವೂ ಕಂಪೆನಿಯಿಂದ ಬಂದಂತೆಯೇ ಇದೆ’ ಎನ್ನುತ್ತಾನೆ. ಕೊಳ್ಳುವವನು ನಂಬಿ ಹಣ ಎಣಿಸುತ್ತಾನೆ. ಆದರೆ ಎಪ್ಪತ್ತು ವರ್ಷ ದುಡಿದ ಗಾಡಿಯ ಹೊಟ್ಟೆಯಲ್ಲಿ ಏನೇನು ಬದಲಾಗಿದೆಯೆಂಬುದು ಬಾಯಿಮಾತಿನಿಂದ ತಿಳಿಯತಕ್ಕದ್ದಲ್ಲ. ಅದನ್ನು ಕಬ್ಬಿಣವೇ ಹೇಳಬೇಕು.

ಅಮೆರಿಕದ ಶೆವರ್ಲೆ ಕಂಪೆನಿಯು 1947ರಿಂದ 1955ರ ಆರಂಭದವರೆಗೆ ತಯಾರಿಸಿದ ಅರ್ಧ ಟನ್ನಿನ ಪಿಕ್‌ಅಪ್ಪನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಈ ಕಂಪೆನಿಯ ಒಡೆತನದ ಜನರಲ್ ಮೋಟಾರ್ಸ್ ಸಂಸ್ಥೆ 1928ರಿಂದ 1954ರವರೆಗೆ ನಮ್ಮ ಮುಂಬಯಿಯ ಶಿವಡಿಯಲ್ಲಿಯೇ ಮೋಟಾರುಗಳನ್ನು ಜೋಡಿಸುತ್ತಿದ್ದುದರಿಂದ, ಶೆವರ್ಲೆಯ ಹೆಸರು ಮುಂಬಯಿಗರಿಗೆ ಹೊಸತಲ್ಲ.

ಮೊದಲು ಕಣ್ಣಿನ ಪರೀಕ್ಷೆ. 1953ರವರೆಗೆ ಈ ಪಿಕ್‌ಅಪ್ಪಿಗೆ 216 ಘನ ಅಂಗುಲದ ಆರು ಸಿಲಿಂಡರುಗಳ ಇಂಜಿನು ಇದ್ದಿತು. 1954ರಲ್ಲಿ 235 ಘನ ಅಂಗುಲದ್ದು ಬಂದಿತು. ಹಳೆಯ 216ರಲ್ಲಿ ಪಕ್ಕದ ತಗಡಿನ ಮುಚ್ಚಳ ಎತ್ತರವಾಗಿದ್ದು ಸ್ಪಾರ್ಕ್ ಪ್ಲಗ್ಗುಗಳ ಸುತ್ತಲೂ ಆವರಿಸಿರುತ್ತದೆ. ಮೇಲಿನ ವಾಲ್ವ್ ಮುಚ್ಚಳವನ್ನು ನಡುವಿನ ಎರಡು ಬೋಲ್ಟುಗಳು ಹಿಡಿದಿರುತ್ತವೆ. ನಂತರದ 235ರಲ್ಲಿ ಪಕ್ಕದ ಮುಚ್ಚಳ ಪ್ಲಗ್ಗುಗಳ ಕೆಳಗೇ ಮುಗಿಯುತ್ತದೆ. 1951ರ ಗಾಡಿಯಲ್ಲಿ ಗಿಡ್ಡ ಮುಚ್ಚಳ ಕಂಡರೆ, ಇಂಜಿನು ಬೇರೆಡೆಯಿಂದ ಬಂದದ್ದೆಂದು ತಿಳಿಯಬಹುದು.

ಎರಡನೆಯದು ಅಂಕಿಗಳ ಪರೀಕ್ಷೆ. ಇಂಜಿನಿನ ಬಲಗಡೆ ಎರಡು ಬಗೆಯ ಗುರುತುಗಳಿರುತ್ತವೆ. ಡಿಸ್ಟ್ರಿಬ್ಯೂಟರಿನ ಬಳಿ ಸಮತಟ್ಟಾದ ಜಾಗದಲ್ಲಿ ಒತ್ತಿರುವುದು ಇಂಜಿನಿನ ನಂಬರು. ಎರಕದಲ್ಲಿಯೇ ಉಬ್ಬಾಗಿ ಮೂಡಿರುವುದು ಎರಕದ ತಾರೀಖು. ಹೋಟೆಲಿನ ಹಿತ್ತಾಳೆ ಪಾತ್ರೆಯ ಮೇಲೆ ಕೊರೆಯಿಸಿದ ಹೆಸರನ್ನು ಉಜ್ಜಿ ಬೇರೆ ಹೆಸರು ಕೊರೆಯಿಸಬಹುದಾದಂತೆ, ಒತ್ತಿದ ನಂಬರನ್ನು ಅರದಿಂದ ಉಜ್ಜಿ ಮತ್ತೊಂದನ್ನು ಒತ್ತಬಹುದು. ಎರಕದಲ್ಲಿ ಮೂಡಿದ್ದನ್ನು ತಿದ್ದುವುದು ಅಷ್ಟು ಸುಲಭವಲ್ಲ.

ಆ ತಾರೀಖನ್ನು ಓದುವ ಕ್ರಮ ಸರಳವಾದುದು. ‘ಎ’ಯಿಂದ ‘ಎಲ್’ವರೆಗಿನ ಇಂಗ್ಲಿಷ್ ಅಕ್ಷರಗಳು ಹನ್ನೆರಡು ತಿಂಗಳುಗಳು, ಬಳಿಕ ದಿನ, ಕೊನೆಗೆ ವರ್ಷದ ಕೊನೆಯ ಅಂಕಿ. ‘ಎಫ್ 21 1’ ಎಂದಿದ್ದರೆ ಜೂನ್ 21, 1951. ಆ ಕೊನೆಯ ‘1’ 1961 ಕೂಡ ಆಗಬಹುದಾದುದರಿಂದ ಮುಚ್ಚಳದ ಆಕಾರವನ್ನೂ ಜೊತೆಗೆ ನೋಡಬೇಕು. ಗಾಡಿ ತಯಾರಾದ ದಿನಕ್ಕಿಂತ ಎರಕದ ದಿನ ಹಿಂದಿನದಾಗಿರಲೇಬೇಕು. ಬಿಡಿಭಾಗಗಳಾಗಿ ಹಡಗಿನಲ್ಲಿ ಬಂದು ಶಿವಡಿಯಲ್ಲಿ ಜೋಡಣೆಯಾದವುಗಳಲ್ಲಿ ಈ ಅಂತರ ಹೆಚ್ಚಿರುವುದು ಸಹಜ. ಆದರೆ ಎರಕದ ತಾರೀಖು ಒಂದೇ ತಿಂಗಳು ಈಚಿನದಾದರೂ ಆ ಇಂಜಿನು ಮೂಲದ್ದಲ್ಲ. ಹುಟ್ಟದ ಇಂಜಿನು ಗಾಡಿ ಏರುವುದೆಂತು?

ಗೇರ್ ಪೆಟ್ಟಿಗೆಯ ವಿಷಯದಲ್ಲಿಯೂ ಇದೇ ಜಾಗರೂಕತೆ ಬೇಕು. 1947ರಲ್ಲಿ ಮೂರು ಗೇರಿನ ಹಿಡಿ ನೆಲದಲ್ಲಿತ್ತು. 1948ರಿಂದ ಅದು ಸ್ಟಿಯರಿಂಗ್ ಕಂಬಕ್ಕೆ ಏರಿತು. ನಾಲ್ಕು ಗೇರಿನ ಪೆಟ್ಟಿಗೆಯ ಹಿಡಿ ನೆಲದಲ್ಲಿಯೇ ಉಳಿಯಿತು. ಕಂಬದ ಮೇಲೆ ಹಳೆಯ ಹಿಡಿಯ ಗುರುತಿದ್ದು, ನೆಲದ ತಗಡನ್ನು ಕೈಯಿಂದ ಕೊರೆದಿದ್ದರೆ ಪೆಟ್ಟಿಗೆ ಬದಲಾಗಿದೆಯೆನ್ನಬೇಕು. ಗಾಡಿಯ ಕೆಳಗೂ ಬಗ್ಗಿ ನೋಡಬೇಕು. 1954ರವರೆಗಿನ ಅರ್ಧ ಟನ್ನಿನ ಗಾಡಿಗಳಲ್ಲಿ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ದಂಡವು ಕೊಳವೆಯೊಳಗೆ ಮುಚ್ಚಿರುತ್ತದೆ. ಅದು ಬಯಲಾಗಿ ತಿರುಗುತ್ತಿದ್ದರೆ, ಪೆಟ್ಟಿಗೆಯನ್ನೂ ಹಿಂದಿನ ಅಚ್ಚನ್ನೂ ಯಾರೋ ಬದಲಿಸಿರಬೇಕು.

ಕೊನೆಗೆ ಕಾಗದಪತ್ರ. ಆ ಕಾಲದಲ್ಲಿ ಅಮೆರಿಕದ ಹಲವು ಸಂಸ್ಥಾನಗಳು ಇಂಜಿನಿನ ನಂಬರಿನ ಮೇಲೆಯೇ ಒಡೆತನದ ಪತ್ರ ಕೊಡುತ್ತಿದ್ದವು. ಆದುದರಿಂದ ಇಂಜಿನು ಬದಲಿಸಿದವರು ಹಳೆಯ ನಂಬರನ್ನೇ ಹೊಸದರ ಮೇಲೆ ಒತ್ತಿದ್ದೂ ಉಂಟು. ನಮ್ಮಲ್ಲಿ ನೋಂದಣಿ ಪತ್ರದಲ್ಲಿ ಚಾಸಿಯ ನಂಬರು, ಇಂಜಿನಿನ ನಂಬರು ಎರಡೂ ಇರುತ್ತವೆ. ಇಂಜಿನು ಬದಲಾದರೆ ಸಾರಿಗೆ ಕಚೇರಿಯಲ್ಲಿ ದಾಖಲಾಗಬೇಕು. ಪತ್ರದ ಅಂಕಿಗೂ ಕಬ್ಬಿಣದ ಅಂಕಿಗೂ ತಾಳೆಯಾಗದ ಗಾಡಿಯನ್ನು ಕೊಂಡವನು ಹಣವನ್ನಷ್ಟೇ ಅಲ್ಲ, ನೆಮ್ಮದಿಯನ್ನೂ ಕಳೆದುಕೊಳ್ಳುತ್ತಾನೆ.

ಇಂಜಿನು ಬದಲಿಸಿದ್ದು ತಪ್ಪೆಂದು ನಾವು ಹೇಳುತ್ತಿಲ್ಲ. ಇವು ಮೆರವಣಿಗೆಗಾಗಿ ಹುಟ್ಟಿದ ಗಾಡಿಗಳಲ್ಲ, ದುಡಿಯಲು ಹುಟ್ಟಿದವು. ಒಂದು ಇಂಜಿನು ಸವೆದಾಗ ಮತ್ತೊಂದನ್ನು ಕೂರಿಸಿ ಗಾಡಿಯನ್ನು ರಸ್ತೆಗಿಳಿಸಿದ ಮೇಸ್ತ್ರಿಯು ಒಡೆಯನ ಅನ್ನವನ್ನು ಉಳಿಸಿದ್ದಾನೆ. ಬದಲಿಯನ್ನು ಬದಲಿಯೆಂದೇ ಹೇಳಿ, ಅದಕ್ಕೆ ತಕ್ಕ ಬೆಲೆಗೆ ಮಾರಿದರೆ ಯಾರ ಆಕ್ಷೇಪವೂ ಇರದು. ಮೂಲದ್ದೆಂದು ಹೇಳಿ ಹೆಚ್ಚು ಬೆಲೆ ಕೀಳುವುದು ಮಾತ್ರ ಮೋಸ. ಮುಂಗಡ ಕೊಡುವ ಮುನ್ನ ಒಂದು ಬ್ಯಾಟರಿ ದೀಪ, ಒಂದು ತಂತಿ ಬ್ರಷ್ಷು ಹಿಡಿದು ಬಲಗಡೆಯ ಜಿಡ್ಡನ್ನು ಉಜ್ಜಿ ನೋಡುವುದು ಒಳ್ಳೆಯದು.